50 ಕ್ರೆಡಿಟ್ ಇದ್ದರೂ 4 ಕಡಿಮೆ

ಕಳೆದ ತಿಂಗಳ ಅಂಕಣದಲ್ಲಿ ಗುಜರಾತಿನ ಹನ್ನೊಂದನೇ ತರಗತಿಯ ಎ ಗ್ರೂಪ್, ಬಿ ಗ್ರೂಪ್ ಬಗ್ಗೆ ಬರೆದಿದ್ದೆ. ಅದನ್ನು ಓದಿ ಸೂರತ್‌ನಿಂದಲೂ ವಡೋದರಾದಿಂದಲೂ ಫೋನ್ ಬಂದವು. ಹೆಚ್ಚಿನವರು ಕೇಳಿದ್ದು ಒಂದೇ: "ಹನ್ನೊಂದು, ಹನ್ನೆರಡರ ಕಥೆ ಸರಿ ಸರ್. ಡಿಗ್ರಿ ಅರ್ಧಕ್ಕೆ ಬಿಟ್ಟು ಊರಿಂದ ಬಂದ ಮಕ್ಕಳ ಗತಿ ಏನು? ಅಲ್ಲಿ ಓದಿದ್ದು ಇಲ್ಲಿ ನಡೆಯುತ್ತದಾ?"

ಇದಕ್ಕೆ ನನ್ನ ಬಳಿ ಇರುವ ಉತ್ತರ ಸುಮಾರು ಒಂದೂವರೆ ವರ್ಷದ ಹಿಂದೆ ಸೂರತ್‌ನ ಗೆಳೆಯರೊಬ್ಬರ ಮಗಳ ಜೊತೆ ಕಚೇರಿಯಿಂದ ಕಚೇರಿಗೆ ಅಲೆದಾಗ ಸಿಕ್ಕಿದ್ದು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಕಾಲೇಜು, ವಿಶ್ವವಿದ್ಯಾಲಯಗಳ ಹೆಸರೂ ಬೇಡ. ಯಾರ ಮೇಲೂ ದೂರು ಹೇಳುವುದಕ್ಕೆ ಈ ಬರಹವಲ್ಲ.

ಗೆಳೆಯರು ಗದಗದ ಕಡೆಯವರು, ಹಜೀರಾದ ಒಂದು ಕಂಪನಿಯಲ್ಲಿ ಕೆಲಸ. ಮಗಳು ಊರಲ್ಲೇ ಅಜ್ಜಿಯ ಮನೆಯಲ್ಲಿದ್ದು ಪಿಯುಸಿ ಮುಗಿಸಿ 2023ರಲ್ಲಿ ಬಿ.ಎಸ್‌ಸಿ. ಸೇರಿದಳು. ಕೆಮಿಸ್ಟ್ರಿ ಮತ್ತು ಬಾಟನಿ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಅಜ್ಜಿ ತೀರಿಕೊಂಡರು. ಮನೆಗೆ ಬೀಗ ಬಿತ್ತು. ಹಾಸ್ಟೆಲ್‌ನಲ್ಲಿ ಬಿಡುವುದಕ್ಕೆ ತಾಯಿಗೆ ಮನಸ್ಸಿರಲಿಲ್ಲ, ಹುಡುಗಿಗೂ ಒಬ್ಬಳೇ ಇರುವುದು ಬೇಡವಾಗಿತ್ತು. ಎರಡನೇ ಸೆಮಿಸ್ಟರ್ ಪರೀಕ್ಷೆ ಬರೆದು ಸೂರತ್‌ಗೆ ಬಂದಳು.

2024ರ ಗಣೇಶನ ಹಬ್ಬ ಕಳೆದು ಒಂದೆರಡು ವಾರ ಆಗಿತ್ತು. ರಾತ್ರಿ ಒಂಬತ್ತೂವರೆಗೆ ಗೆಳೆಯರ ಫೋನ್.

"ಸರ, ಮಾರ್ಕ್ಸ್ ಕಾರ್ಡ್‌ನ್ಯಾಗ ಎರಡು ಸೆಮ್ ಸೇರಿ 50 ಕ್ರೆಡಿಟ್ ಅದಾವ. ಇಲ್ಲಿ ಫಸ್ಟ್ ಇಯರ್‌ಗೆ 44 ಸಾಕಂತ. ನಮ್ಮಾಕಿ ಹತ್ರ ಆರು ಹೆಚ್ಚಿಗಿ ಅದಾವ. ಆದ್ರೂ ಕೌಂಟರ್‌ನ್ಯಾಗ 'ನಹೀ ಚಾಲೇ, ಪಹಿಲಾ ಸೆಮ್‌ನಿಂದ ಸುರು ಮಾಡ್ರಿ' ಅಂತಾರ. ಇದ್ಯಾವ ಲೆಕ್ಕರೀ?"

ನಾನೂ ಆ ಕ್ಷಣಕ್ಕೆ ಅವರಂತೆಯೇ ಸಿಟ್ಟಾದೆ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬುದೊಂದು ಇದೆ ಎಂದು ಗೊತ್ತಿತ್ತು. ಯುಜಿಸಿ 2021ರ ಜುಲೈನಲ್ಲಿ ಅದರ ನಿಯಮ ಹೊರಡಿಸಿದೆ. ಒಂದು ಕಡೆ ಗಳಿಸಿದ ಕ್ರೆಡಿಟ್ ಇನ್ನೊಂದು ಕಡೆ ಬಳಸಬಹುದು, ಗರಿಷ್ಠ ಏಳು ವರ್ಷ ಖಾತೆಯಲ್ಲಿ ಇರುತ್ತದೆ, ಡಿಗ್ರಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಗಳಿಸಿದರೆ ಸಾಕು. ಹೀಗಿರುವಾಗ 50 ಇದ್ದವಳನ್ನು ಸೊನ್ನೆಯಿಂದ ಶುರು ಮಾಡು ಅನ್ನುವುದು ಯಾವ ನ್ಯಾಯ? ಶನಿವಾರ ರಜೆ ಇತ್ತು. ಬೆಳಿಗ್ಗೆ ಅಹಮದಾಬಾದಿನಿಂದ ರೈಲು ಹತ್ತಿ ಸೂರತ್‌ಗೆ ಹೋದೆ.

ಅವರ ಮನೆಯ ಊಟದ ಮೇಜಿನ ಮೇಲೆ ಎರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡು ಕೂತೆವು. ಒಂದು ಅವಳ ಅಂಕಪಟ್ಟಿ, ಇನ್ನೊಂದು ಇಲ್ಲಿಯ ಬಿ.ಎಸ್‌ಸಿ. ರಚನೆ. ನನ್ನ ಕೆಲಸದಲ್ಲಿ ಹಳೆಯ ಸಾಫ್ಟ್‌ವೇರ್‌ನ ಡೇಟಾವನ್ನು ಹೊಸದಕ್ಕೆ ಸಾಗಿಸುವ ಪ್ರಾಜೆಕ್ಟ್‌ಗಳು ಬರುತ್ತಲೇ ಇರುತ್ತವೆ. ಅಲ್ಲಿ ಮೊದಲ ದಿನ ಮಾಡುವುದು ಇದನ್ನೇ: ಹಳೆಯದರ ಯಾವ ಕಾಲಂ ಹೊಸದರ ಯಾವ ಕಾಲಂಗೆ ಹೋಗುತ್ತದೆ ಎಂದು ಗೆರೆ ಎಳೆಯುವುದು. ಒಟ್ಟು ಎಷ್ಟು ಸಾಲು ಇದೆ ಎಂಬುದು ಅಲ್ಲಿ ದೊಡ್ಡ ವಿಷಯವೇ ಅಲ್ಲ.

ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಡಿಗ್ರಿಗೆ ತಂದಾಗ ಮೂರು ಐಚ್ಛಿಕ ವಿಷಯಗಳ ಹಳೆಯ ಪದ್ಧತಿ ಬಿಟ್ಟು ಎರಡು ವಿಷಯಕ್ಕೆ ಬಂತು. ಅವಳ ಅಂಕಪಟ್ಟಿಯಲ್ಲಿ ಒಂದು ಸೆಮಿಸ್ಟರಿಗೆ ಕೆಮಿಸ್ಟ್ರಿ 6, ಬಾಟನಿ 6, ಓಪನ್ ಎಲೆಕ್ಟಿವ್ 3, ಕನ್ನಡ 3, ಇಂಗ್ಲಿಷ್ 3, ಕೌಶಲದ್ದು 2, ಆರೋಗ್ಯ-ಯೋಗ ಇತ್ಯಾದಿ 2. ಒಟ್ಟು 25. ಗುಜರಾತಿನ ರಾಜ್ಯ ವಿಶ್ವವಿದ್ಯಾಲಯಗಳು 2023-24ರಿಂದ ಅದೇ ಶಿಕ್ಷಣ ನೀತಿಗೆ ಬಂದಿದ್ದರೂ ಇಲ್ಲಿಯ ಹಂಚಿಕೆ ಬೇರೆ. ಸೆಮಿಸ್ಟರಿಗೆ 22 ಕ್ರೆಡಿಟ್. ಅದರಲ್ಲಿ ಮೇಜರ್ ಒಂದೇ ವಿಷಯ, ಅದಕ್ಕೆ 8. ಮೈನರ್‌ಗೆ 4. ಉಳಿದದ್ದು ಬೇರೆ ವಿಭಾಗದ ಪೇಪರ್, ಭಾಷೆ, ಕೌಶಲ, ಭಾರತೀಯ ಜ್ಞಾನ ಪರಂಪರೆ ಹೀಗೆ.

ಗೆರೆ ಎಳೆಯುತ್ತಾ ಹೋದಂತೆ ಚಿತ್ರ ಸ್ಪಷ್ಟವಾಯಿತು. ಅವಳ ಬಾಟನಿ ವರ್ಷಕ್ಕೆ 12, ಇಲ್ಲಿ ಮೈನರ್‌ಗೆ ಬೇಕಾದದ್ದು 8. ನಾಲ್ಕು ಹೆಚ್ಚುವರಿ. ಇಂಗ್ಲಿಷ್ 6, ಇಲ್ಲಿ ಭಾಷೆಗೆ 4 ಸಾಕು. ಎರಡು ಹೆಚ್ಚುವರಿ. ಕನ್ನಡದ 6 ಕ್ರೆಡಿಟ್‌ಗೆ ಇಲ್ಲಿ ಕಾಲಂ ಇಲ್ಲ. ಕೆಮಿಸ್ಟ್ರಿ 12, ಇಲ್ಲಿ ಮೇಜರ್‌ಗೆ ಬೇಕಾದದ್ದು 16. ನಾಲ್ಕು ಕಡಿಮೆ.

ಒಟ್ಟಿನಲ್ಲಿ ಆರು ಹೆಚ್ಚು, ಬೇಕಾದ ಕಡೆ ನಾಲ್ಕು ಕಡಿಮೆ. ಅದೂ ಯಾವ ನಾಲ್ಕು? ಪಠ್ಯಕ್ರಮ ತೆಗೆದು ನೋಡಿದರೆ ಥಿಯರಿ ಎರಡೂ ಕಡೆ ಸೆಮಿಸ್ಟರಿಗೆ 4 ಇತ್ತು, ಸರಿಯಾಗಿ ಕೂತಿತು. ಪ್ರಾಕ್ಟಿಕಲ್ ಅವಳದ್ದು 2, ಆ ವಿಭಾಗದಲ್ಲಿ 4. ಅಂದರೆ ಕಡಿಮೆ ಬಿದ್ದದ್ದು ಪೂರ್ತಿ ಲ್ಯಾಬು. ಯುಜಿಸಿ ಲೆಕ್ಕದಲ್ಲಿ ಥಿಯರಿಯ ಒಂದು ಕ್ರೆಡಿಟ್‌ಗೆ ಸೆಮಿಸ್ಟರಿನಲ್ಲಿ 15 ಗಂಟೆ, ಪ್ರಾಕ್ಟಿಕಲ್‌ಗೆ 30 ಗಂಟೆ. ನಾಲ್ಕು ಕ್ರೆಡಿಟ್ ಅಂದರೆ 120 ಗಂಟೆ ಲ್ಯಾಬಿನಲ್ಲಿ ನಿಲ್ಲುವ ಕೆಲಸ.

ಹುಡುಗಿ ಸುಮ್ಮನೆ ನೋಡುತ್ತಿದ್ದಳು. ಕೊನೆಗೆ ಕೇಳಿದಳು, "ಅಂಕಲ್, ಕನ್ನಡದ ಆರು ಕ್ರೆಡಿಟ್ ಎಲ್ಲಿ ಹೋಗ್ತಾವ?" ಖಾತೆಯಲ್ಲೇ ಇರುತ್ತವೆ, ಯಾರೂ ಕಿತ್ತುಕೊಳ್ಳುವುದಿಲ್ಲ ಅಂದೆ. ಅದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿ ಇರಲಿಲ್ಲ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಕರ್ನಾಟಕ ಸರ್ಕಾರ 2024ರ ಮೇ ತಿಂಗಳಲ್ಲಿ ಆದೇಶ ಹೊರಡಿಸಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಆದ್ದರಿಂದ 2023ರಲ್ಲಿ ಸೇರಿದವರ ಅಂಕಪಟ್ಟಿಯೂ 2024ರಲ್ಲಿ ಸೇರಿದವರದ್ದೂ ಒಂದೇ ತರ ಇರುವುದಿಲ್ಲ. ನಿಮ್ಮ ಅಣ್ಣನ ಮಗನಿಗೆ ಆದ ಹಾಗೆ ನಿಮ್ಮ ಮಗಳಿಗೂ ಆಗುತ್ತದೆ ಎಂದುಕೊಳ್ಳಬೇಡಿ. ಮೇಜಿನ ಮೇಲೆ ಎರಡು ಕಾಗದ ಇಟ್ಟುಕೊಂಡು ನೀವೇ ಗೆರೆ ಎಳೆಯಬೇಕು.

ಈಗ ನನ್ನದೇ ಒಂದು ಹಳೆಯ ಕಥೆ ಹೇಳಬೇಕು, ಇಲ್ಲದಿದ್ದರೆ ಮುಂದೆ ನಾನು ಗೆಳೆಯರಿಗೆ ಕೊಟ್ಟ ಸಲಹೆ ನಿಮಗೆ ವಿಚಿತ್ರ ಅನಿಸಬಹುದು.

ನಾನು ದಾವಣಗೆರೆ ಕಡೆಯವನು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿಗೆ ಹೋಗಲಿಲ್ಲ, 2004ರಲ್ಲಿ ಪಾಲಿಟೆಕ್ನಿಕ್ ಸೇರಿದೆ. ಮೂರು ವರ್ಷಕ್ಕೆ ಡಿಪ್ಲೊಮಾ ಕೈಗೆ ಬರುತ್ತದೆ, ಏನಾದರೂ ಕೆಲಸ ಸಿಗುತ್ತದೆ ಎಂಬುದು ಅಪ್ಪನ ಲೆಕ್ಕ. 2007ರಲ್ಲಿ ಡಿಪ್ಲೊಮಾದವರ ಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರ ಪ್ರವೇಶ ಸಿಕ್ಕಿತು. ಮೊದಲ ವರ್ಷ ಓದಬೇಕಾಗಿಲ್ಲ, ನಮ್ಮ ಪಾಲಿಟೆಕ್ನಿಕ್‌ನ ಅಪ್ಲೈಡ್ ಸೈನ್ಸ್, ಗಣಿತ ಎಲ್ಲವನ್ನೂ ಅದಕ್ಕೆ ಸಮ ಎಂದು ಒಪ್ಪಿಕೊಂಡಂತೆ. ಊರಲ್ಲಿ ಸಿಹಿ ಹಂಚಿದ್ದೆವು.

ಕ್ಲಾಸಿಗೆ ಹೋದ ಮೊದಲ ವಾರ ಗಣಿತದ ಮೇಡಂ ಬೋರ್ಡಿನ ಮೇಲೆ ಫೋರಿಯರ್ ಸರಣಿ ಶುರು ಮಾಡಿದರು. ಪಿಯುಸಿಯಿಂದ ಬಂದವರು ಎರಡು ವರ್ಷ ಕ್ಯಾಲ್ಕುಲಸ್ ಮಾಡಿ, ಮತ್ತೆ ಬಿ.ಇ. ಮೊದಲ ವರ್ಷದಲ್ಲೂ ಮಾಡಿ ಬಂದಿದ್ದರು. ನಮ್ಮದು ಡಿಪ್ಲೊಮಾದ ಮೇಲುಮೇಲಿನ ಕ್ಯಾಲ್ಕುಲಸ್. ಬೋರ್ಡಿನ ಮೇಲಿನ ಇಂಟಿಗ್ರಲ್ ಚಿಹ್ನೆಯ ಗುರುತಿತ್ತು, ಅದರೊಂದಿಗೆ ಏನು ಮಾಡಬೇಕು ಎಂಬುದು ಗೊತ್ತಿರಲಿಲ್ಲ.

ವಿಟಿಯು ಇದಕ್ಕೆ ಒಂದು ವ್ಯವಸ್ಥೆ ಮಾಡಿತ್ತು. ನೇರ ಪ್ರವೇಶದವರಿಗೆ ಮೂರನೇ ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಹೆಚ್ಚುವರಿ ಗಣಿತದ ಪೇಪರ್. MATDIP301, MATDIP401 ಎಂಬ ಅದರ ಕೋಡನ್ನೇ ನಾವು ಹೆಸರು ಮಾಡಿಕೊಂಡು 'ಮ್ಯಾಟ್‌ಡಿಪ್' ಅನ್ನುತ್ತಿದ್ದೆವು. ಸಮ್ಮಿಶ್ರ ಸಂಖ್ಯೆ, ಅವಕಲನ, ಅನುಕಲನ, ಅವಕಲ ಸಮೀಕರಣ ಎಲ್ಲ ಅದರಲ್ಲಿತ್ತು. ಅದು ಪಾಸಾಗದೆ ಡಿಗ್ರಿ ಇಲ್ಲ. ಉದ್ದೇಶ ಚೆನ್ನಾಗಿತ್ತು. ತೊಂದರೆ ಏನೆಂದರೆ, ಮ್ಯಾಟ್‌ಡಿಪ್ ಕಲಿತು ಮುಗಿಸಿದ ಮೇಲೆ ಅರ್ಥವಾಗಬೇಕಾದ ಗಣಿತವೂ ಅದೇ ಸೆಮಿಸ್ಟರಿನಲ್ಲಿ ಇತ್ತು. ಬೆಳಿಗ್ಗೆ ಫೋರಿಯರ್, ಮಧ್ಯಾಹ್ನ ಅದಕ್ಕೆ ಬೇಕಾದ ಅನುಕಲನ. ಬಾವಿ ತೋಡುವುದೂ ನೀರು ಸೇದುವುದೂ ಒಟ್ಟೊಟ್ಟಿಗೆ. ನಾನು ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಫೇಲಾದೆ. ಡಿಪ್ಲೊಮಾದಲ್ಲಿ ಕ್ಲಾಸಿಗೆ ಎರಡನೆಯವನಾಗಿದ್ದೆ. ಆ ಫಲಿತಾಂಶದ ದಿನ ಅಪ್ಪನಿಗೆ ಫೋನ್ ಮಾಡಲಿಲ್ಲ.

ಮುಂದೆ ಅದು ಪಾಸಾಯಿತು, ಬಿ.ಇ. ಆಯಿತು, ಎಂ.ಟೆಕ್ ಕೂಡ ಆಯಿತು. ಒಂದು ಗುಮಾನಿ ಮಾತ್ರ ಉಳಿದುಕೊಂಡಿತು. ಯಾರಾದರೂ 'ಇದನ್ನು ನೀವು ಓದಬೇಕಾಗಿಲ್ಲ, ಸಮ ಎಂದು ಒಪ್ಪಿದ್ದೇವೆ' ಅಂದರೆ ಖುಷಿಪಡುವ ಮೊದಲು ಮುಂದಿನ ಕ್ಲಾಸಿನ ಪುಸ್ತಕ ತೆರೆದು ನೋಡುತ್ತೇನೆ.

ಸೂರತ್‌ಗೆ ಮರಳೋಣ. ಲೆಕ್ಕ ಸಿಕ್ಕಿತು, ಇನ್ನು ಅದನ್ನು ಯಾರ ಮುಂದೆ ಇಡುವುದು? ಕೌಂಟರಿನಲ್ಲಿ ಕೂತವರಿಗೆ ಈ ಅಧಿಕಾರ ಇರುವುದಿಲ್ಲ. ಅವರು 'ಇಲ್ಲ' ಅನ್ನುವುದು ಸೊಕ್ಕಿನಿಂದಲ್ಲ, 'ಹೌದು' ಅನ್ನುವುದಕ್ಕೆ ಅವರ ಬಳಿ ಕಾಗದ ಇಲ್ಲದ್ದರಿಂದ. ಕ್ರೆಡಿಟ್ ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸುವುದು ಆ ವಿಷಯದ ವಿಭಾಗ ಮತ್ತು ವಿಶ್ವವಿದ್ಯಾಲಯದ ಸಮಾನತೆ ನೋಡುವ ಸಮಿತಿ. ಹಾಗಾಗಿ ನಾವು ಕೌಂಟರ್ ಬಿಟ್ಟು ಕೆಮಿಸ್ಟ್ರಿ ವಿಭಾಗದ ಬಾಗಿಲಿಗೆ ಹೋಗಲು ಶುರು ಮಾಡಿದೆವು. ಸೂರತ್, ವಡೋದರಾ, ಅಹಮದಾಬಾದ್ ಮೂರೂ ಊರುಗಳಲ್ಲಿ ವಿಚಾರಿಸಿದೆವು. ಒಂದು ಕಡೆ ಕಾಗದ ನೋಡಲೇ ಇಲ್ಲ. ಇನ್ನೊಂದು ಕಡೆ ಸೀಟು ಖಾಲಿ ಇಲ್ಲ ಅಂದರು, ಅದು ನ್ಯಾಯವಾದ ಕಾರಣ. ಮೂರನೇ ಕಡೆ ವಿಭಾಗದ ಮುಖ್ಯಸ್ಥೆ ನಮ್ಮನ್ನು ಕೂರಿಸಿ, ನಾವು ಗೆರೆ ಎಳೆದ ಕಾಗದ ಪೂರ್ತಿ ಓದಿ, ತಲೆಯೆತ್ತಿ ಹುಡುಗಿಯನ್ನು ಕೇಳಿದರು: "ಜರ್ನಲ್ ಲಾವ್ಯಾ ಛೋ?"

ನಾವು ಮುಖ ಮುಖ ನೋಡಿಕೊಂಡೆವು. ಯಾವ ಜರ್ನಲ್? ಹುಡುಗಿ ಸಂಶೋಧನೆಯ ಪತ್ರಿಕೆ ಇರಬೇಕು ಎಂದುಕೊಂಡಳಂತೆ. ಆಮೇಲೆ ತಿಳಿಯಿತು, ನಾವು ರೆಕಾರ್ಡ್ ಬುಕ್ ಅನ್ನುವುದಕ್ಕೆ ಇಲ್ಲಿ ಜರ್ನಲ್ ಅನ್ನುತ್ತಾರೆ. ಪ್ರಯೋಗ ಮಾಡಿ, ಬರೆದು, ಮೇಷ್ಟ್ರ ಸಹಿ ಹಾಕಿಸಿಕೊಂಡ ಆ ದಪ್ಪ ಪುಸ್ತಕ. ಅದು ಗದಗದಲ್ಲಿ, ಬೀಗ ಹಾಕಿದ ಅಜ್ಜಿಯ ಮನೆಯಲ್ಲಿತ್ತು.

ಅದನ್ನು ತರಿಸಲು ಹತ್ತು ದಿನ ಹಿಡಿಯಿತು. ಚಿಕ್ಕಪ್ಪ ಬೀಗ ತೆಗೆದು ಹುಡುಕಿ ಕೊರಿಯರ್ ಮಾಡಿದರು. ನನ್ನ ಮಾತು ಕೇಳುವವರಿದ್ದರೆ ಹೇಳುತ್ತೇನೆ: ಊರು ಬಿಡುವಾಗ ಅಂಕಪಟ್ಟಿಯನ್ನು ಎಲ್ಲರೂ ಜೋಪಾನವಾಗಿ ತರುತ್ತಾರೆ, ರೆಕಾರ್ಡ್ ಬುಕ್ ಅನ್ನು ರದ್ದಿಗೆ ಹಾಕುತ್ತಾರೆ. ಹಾಕಬೇಡಿ. ಅಂಕಪಟ್ಟಿಯಲ್ಲಿ 'ಪ್ರಾಕ್ಟಿಕಲ್, 2 ಕ್ರೆಡಿಟ್' ಎಂದಷ್ಟೇ ಇರುತ್ತದೆ. ಆ ಎರಡು ಕ್ರೆಡಿಟ್‌ನಲ್ಲಿ ಬ್ಯೂರೆಟ್ ಎಷ್ಟು ಸಲ ಹಿಡಿದಳು ಎಂದು ಹೇಳುವುದು ಆ ಪುಸ್ತಕ. ಅದರ ಜೊತೆ ಆಯಾ ವರ್ಷದ ಪಠ್ಯಕ್ರಮವನ್ನೂ ಕಾಲೇಜಿನ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ. ವೆಬ್‌ಸೈಟಿನಲ್ಲಿ ಇರುತ್ತದೆ ಬಿಡಿ ಎಂದು ಸುಮ್ಮನಾಗಬೇಡಿ, ಪಠ್ಯಕ್ರಮ ಬದಲಾದಾಗ ಹಳೆಯದು ಮಾಯವಾಗುತ್ತದೆ.

ಮುಖ್ಯಸ್ಥೆ ಜರ್ನಲ್ ತಿರುವಿ ನೋಡಿದರು. ಟೈಟ್ರೇಶನ್‌ಗಳು ಇದ್ದವು, ಚೆನ್ನಾಗಿಯೂ ಇದ್ದವು. ಅಜೈವಿಕ ಲವಣಗಳ ಗುಣಾತ್ಮಕ ವಿಶ್ಲೇಷಣೆ ಇರಲಿಲ್ಲ. ಇವರ ಮೂರನೇ ಸೆಮಿಸ್ಟರಿನ ಲ್ಯಾಬು ಅದು ಗೊತ್ತಿದೆ ಎಂದುಕೊಂಡೇ ಶುರುವಾಗುತ್ತದೆ. ಅವರು ಹೇಳಿದ್ದು ಇಷ್ಟು: ಥಿಯರಿ ಒಪ್ಪುವಂತೆ ಸಮಿತಿಗೆ ಬರೆಯುತ್ತೇನೆ. ಬಾಟನಿ ಮೈನರ್ ಆಗುತ್ತದೆ. ಪ್ರಾಕ್ಟಿಕಲ್ ಮಾತ್ರ ಒಪ್ಪುವುದಕ್ಕೆ ನನ್ನಿಂದ ಆಗುವುದಿಲ್ಲ. ಡಿಸೆಂಬರಿನಲ್ಲಿ ಎರಡನೇ ಸೆಮಿಸ್ಟರ್ ಶುರುವಾಗುತ್ತದೆ. ಆಗ ಬಂದು ಫಸ್ಟ್ ಇಯರ್ ಮಕ್ಕಳ ಜೊತೆ ಆ ಒಂದು ಲ್ಯಾಬ್ ಪೇಪರ್ ಮಾಡಲಿ, ಜೂನ್‌ನಲ್ಲಿ ಮೂರನೇ ಸೆಮಿಸ್ಟರಿಗೆ ಬರಲಿ.

ಗೆಳೆಯರು ಒಪ್ಪಲಿಲ್ಲ. ಹೊರಗೆ ಬಂದು ಚಹಾ ಅಂಗಡಿಯ ಮುಂದೆ ನಿಂತು ಅರ್ಧ ಗಂಟೆ ವಾದ ಮಾಡಿದರು. ಅವರ ವಾದದಲ್ಲಿ ಹುರುಳಿತ್ತು. ಮೂರನೇ ಸೆಮಿಸ್ಟರ್ ಆಗಲೇ ಅರ್ಧ ಮುಗಿದಿದೆ, ಅದು ಹೋದರೆ ಹೋಗಲಿ. ಡಿಸೆಂಬರಿನಲ್ಲಿ ನೇರ ನಾಲ್ಕನೇ ಸೆಮಿಸ್ಟರಿಗೆ ಹಾಕಿ, ಮೂರನೇಯದನ್ನೂ ಈ ಲ್ಯಾಬನ್ನೂ ಆಮೇಲೆ ಎಟಿಕೆಟಿ ತರ ಬರೆಯಲಿ. (ಎಟಿಕೆಟಿ ಅಂದರೆ ನಮ್ಮಲ್ಲಿ ಬ್ಯಾಕ್ ಇಟ್ಟುಕೊಂಡು ಮುಂದೆ ಹೋಗುತ್ತಾರಲ್ಲ, ಅದೇ. ಈ ಕಡೆ ಎಲ್ಲರ ಬಾಯಲ್ಲೂ ಆ ಪದ.) "ಒಂದು ವರ್ಷ ಹೋಗ್ತೈತಿ ಸರ. ಆಕಿ ಜೊತಿ ಓದಿದವರು ಮುಂದ ಹೋಗ್ತಾರ. ನಾಲ್ಕು ಕ್ರೆಡಿಟ್ ಸಲುವಾಗಿ ಒಂದು ವರ್ಷ ಕೂಡ್ಸೂದs?" ಯುಜಿಸಿಗೆ ಪತ್ರ ಬರೆಯೋಣ, ಯಾರಾದರೂ ದೊಡ್ಡವರಿಂದ ಹೇಳಿಸೋಣ ಎಂಬ ಮಟ್ಟಕ್ಕೆ ಹೋದರು.

ನಾನು ಅವರಿಗೆ ಮ್ಯಾಟ್‌ಡಿಪ್ ಕಥೆ ಹೇಳಿದೆ. ಕಾಗದದಲ್ಲಿ ಗೆದ್ದು ಕ್ಲಾಸಿನಲ್ಲಿ ಸೋತವನು ನಾನೇ ಅಂದೆ. ಇವಳಿಗೆ ಮುಂದೆ ಎಂ.ಎಸ್‌ಸಿ. ಕೆಮಿಸ್ಟ್ರಿ ಮಾಡುವ ಆಸೆ. ಅಂಕಲೇಶ್ವರ, ವಾಪಿ, ವಡೋದರಾ ಸುತ್ತ ಬಣ್ಣ, ಔಷಧಿ, ಪೆಟ್ರೋಕೆಮಿಕಲ್ ಕಾರ್ಖಾನೆಗಳ ಲ್ಯಾಬಿನಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವವರು ಕೈಗೆ ಟೆಸ್ಟ್‌ಟ್ಯೂಬ್ ಕೊಟ್ಟು ನೋಡುತ್ತಾರೆ. ಎಂ.ಎಸ್‌ಸಿ. ಪ್ರವೇಶಕ್ಕೂ ಬಿ.ಎಸ್‌ಸಿ.ಯಲ್ಲಿ ಕೆಮಿಸ್ಟ್ರಿ ಮೇಜರ್ ಎಂದು ಸರಿಯಾಗಿ ಇರಬೇಕು. ಹೋರಾಡಬೇಕಾದದ್ದು ಮೊದಲ ಸೆಮಿಸ್ಟರಿನಿಂದ ಶುರು ಮಾಡು ಅಂದವರ ಜೊತೆ. ಆ ಹೋರಾಟ ಈಗಷ್ಟೇ ಗೆದ್ದಿದ್ದೇವೆ, ಎರಡು ವರ್ಷ ಹೋಗಬೇಕಾದದ್ದು ಒಂದಕ್ಕೆ ಇಳಿದಿದೆ. ಲ್ಯಾಬ್ ಮಾಡಿ ಬಾ ಅಂದವರ ಜೊತೆ ಜಗಳ ಆಡಬೇಡಿ.

ಇಷ್ಟೆಲ್ಲ ಹೇಳಿದರೂ ಒಪ್ಪಿಸಿದ್ದು ನಾನಲ್ಲ. ಹುಡುಗಿಯೇ ಹೇಳಿದಳು: "ಅಪ್ಪಾ, ಸಾಲ್ಟ್ ಅನಾಲಿಸಿಸ್ ಪಿಯುಸಿಯೊಳಗ ಮಾಡಿದ್ದs ಕಡೀ. ನನಗ ನೆನಪಿಲ್ಲ."

ಆಮೇಲೆ ಕಾಗದದ ಕೆಲಸ. ಅದು ಕೆಮಿಸ್ಟ್ರಿಗಿಂತ ಕಷ್ಟವಾಯಿತು. ಮೊದಲ ಸೆಮಿಸ್ಟರಿನ 25 ಕ್ರೆಡಿಟ್ ಅವಳ ಖಾತೆಯಲ್ಲಿ ಕಾಣುತ್ತಿತ್ತು, ಎರಡನೇಯದು ಏರಿರಲೇ ಇಲ್ಲ. ಕ್ರೆಡಿಟ್ ಬ್ಯಾಂಕಿಗೆ ನಾವು ನೇರವಾಗಿ ಏನನ್ನೂ ಹಾಕುವಂತಿಲ್ಲ, ಓದಿದ ಸಂಸ್ಥೆಯೇ ಹಾಕಬೇಕು. ಇದು ಒಳ್ಳೆಯ ನಿಯಮವೇ, ಇಲ್ಲದಿದ್ದರೆ ಸುಳ್ಳು ಅಂಕಪಟ್ಟಿಗಳು ತುಂಬಿಹೋಗುತ್ತವೆ. ಆದರೆ ಅಲ್ಲಿಯ ಕಚೇರಿ ಹಾಕದಿದ್ದರೆ ಇಲ್ಲಿ ಕೂತು ಫೋನ್ ಮಾಡುವುದು ಬಿಟ್ಟು ಬೇರೆ ದಾರಿಯಿಲ್ಲ. ಗೆಳೆಯರು ದಿನಾ ಹನ್ನೊಂದು ಗಂಟೆಗೆ ಫೋನ್ ಮಾಡುವುದನ್ನು ಪೂಜೆಯ ಹಾಗೆ ಪಾಲಿಸಿದರು. ಕೊನೆಗೆ ಚಿಕ್ಕಪ್ಪನೇ ಹೋಗಿ ಕೂತ ಮೇಲೆ ಕೆಲಸ ಆಯಿತು. ಟಿಸಿ, ಮೈಗ್ರೇಶನ್ ಸರ್ಟಿಫಿಕೇಟ್, ಇಲ್ಲಿಯ ಎಲಿಜಿಬಿಲಿಟಿ ಸರ್ಟಿಫಿಕೇಟ್ ಇವುಗಳ ಕಥೆ ಬೇರೆ ಹೇಳುವುದಿಲ್ಲ, ನಿಮಗೆಲ್ಲ ಅನುಭವ ಇದ್ದೇ ಇರುತ್ತದೆ.

ಹೆಸರಿನ ವಿಷಯ ಮಾತ್ರ ಹೇಳಲೇಬೇಕು. ಗುಜರಾತಿನ ಅರ್ಜಿಗಳಲ್ಲಿ ಮೊದಲು ಅಟಕ್ ಅಂದರೆ ಮನೆತನದ ಹೆಸರು, ಆಮೇಲೆ ಸ್ವಂತ ಹೆಸರು, ಆಮೇಲೆ ಅಪ್ಪನ ಹೆಸರು ಕೇಳುತ್ತಾರೆ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇರುವುದರಿಂದ ಅಷ್ಟು ತೊಂದರೆಯಿಲ್ಲ. ಹಳೆ ಮೈಸೂರು ಕಡೆಯವರು, ನಮ್ಮ ಮಧ್ಯ ಕರ್ನಾಟಕದವರು ಇನಿಷಿಯಲ್ ಇಟ್ಟುಕೊಂಡು ಬದುಕಿದವರು. ಹತ್ತನೇ ತರಗತಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಡಿಗ್ರಿಯಲ್ಲಿ ಬಿಡಿಸಿ ಬರೆದದ್ದು. ಕ್ರೆಡಿಟ್ ಬ್ಯಾಂಕಿನ ಖಾತೆ, ಈಗಿನ 12 ಅಂಕಿಯ ಅಪಾರ್ ಸಂಖ್ಯೆ ಎರಡೂ ಆಧಾರ್ ಹೆಸರಿನ ಮೇಲೆ ನಿಂತಿವೆ. ಮಕ್ಕಳು ಪಿಯುಸಿಯಲ್ಲಿರುವಾಗಲೇ ಎಲ್ಲ ಕಡೆ ಒಂದೇ ಹೆಸರು ಮಾಡಿಸಿ. ನನ್ನ ಹೆಸರಿನ ಎರಡು ಇನಿಷಿಯಲ್ ಬಿಡಿಸುವುದಕ್ಕೆ ನಾನು ನೋಟರಿಯ ಬಳಿ ಎಷ್ಟು ಸಲ ಹೋಗಿದ್ದೇನೆ ಎಂದು ನನ್ನ ಹೆಂಡತಿಯನ್ನು ಕೇಳಿ.

ನಡುವೆ ಇನ್ನೊಂದು ದಾರಿಯೂ ನೋಡಿದ್ದೆವು. ಸ್ವಯಂ ಪೋರ್ಟಲ್‌ನ ಕೋರ್ಸ್ ಮಾಡಿ ಆ ನಾಲ್ಕು ಕ್ರೆಡಿಟ್ ತುಂಬಬಹುದಾ ಎಂದು. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇಕಡ 40ರವರೆಗೆ ಸ್ವಯಂ ಮೂಲಕ ತೆಗೆದುಕೊಳ್ಳಲು ವಿಶ್ವವಿದ್ಯಾಲಯ ಅನುಮತಿ ಕೊಡಬಹುದು. ಥಿಯರಿ ಕಡಿಮೆ ಬಿದ್ದಿದ್ದರೆ ಇದು ಒಳ್ಳೆಯ ಉಪಾಯ. ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿ ಬರೆಯಬೇಕು, ಫಲಿತಾಂಶಕ್ಕೆ ಬೆಲೆ ಇದೆ. ಲ್ಯಾಬು ಕಡಿಮೆ ಬಿದ್ದವರಿಗೆ ವಿಡಿಯೋ ನೋಡಿದರೆ ಆಗುವುದಿಲ್ಲ. ಮುಖ್ಯಸ್ಥೆ ನಕ್ಕು ಬಿಟ್ಟರು.

ಡಿಪ್ಲೊಮಾ ಓದುತ್ತಿರುವ ಮಕ್ಕಳ ಅಪ್ಪ ಅಮ್ಮಂದಿರೂ ಕೇಳಿದ್ದೀರಿ. ಇಲ್ಲಿ ಡಿಪ್ಲೊಮಾದಿಂದ ಬಿ.ಇ. ಎರಡನೇ ವರ್ಷಕ್ಕೆ ಹೋಗುವುದನ್ನು ಎಲ್ಲರೂ ಡಿ-ಟು-ಡಿ ಅನ್ನುತ್ತಾರೆ. ಪ್ರವೇಶ ನೋಡಿಕೊಳ್ಳುವುದು ಎಸಿಪಿಸಿ, ಅದರ ಕಚೇರಿ ಅಹಮದಾಬಾದಿನ ಎಲ್.ಡಿ. ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿದೆ. ಮೊದಲು ಡಿಪ್ಲೊಮಾದ ಅಂಕದ ಮೇಲೆ ಸೀಟು ಕೊಡುತ್ತಿದ್ದರು. 2024ರಿಂದ ಡಿಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬಂದಿದೆ, ನಮ್ಮ ಕರ್ನಾಟಕದ ಡಿಸಿಇಟಿಯ ಹಾಗೆ. ಕರ್ನಾಟಕದಲ್ಲಿ ಡಿಪ್ಲೊಮಾ ಮಾಡಿದವರು ಆ ವರ್ಷದ ನಿಯಮಗಳಲ್ಲಿ ಹೊರರಾಜ್ಯದವರ ಬಗ್ಗೆ ಏನಿದೆ ಎಂದು ಮೊದಲೇ ಓದಿಕೊಳ್ಳಿ. ಸೀಟು ಸಿಕ್ಕವರು ಜೂನ್, ಜುಲೈ ಎರಡು ತಿಂಗಳು ಸುಮ್ಮನೆ ಕೂರದೆ ಅನುಕಲನ, ಅವಕಲ ಸಮೀಕರಣ ಮಾಡಿಕೊಂಡು ಹೋಗಿ. ಇದು ಫೇಲಾದವನ ಮಾತು, ನಂಬಬಹುದು.

ಅಮೆರಿಕಕ್ಕೆ ಮಕ್ಕಳನ್ನು ಕಳಿಸುವವರಿಗೂ ಒಂದಿಷ್ಟು. ನನ್ನ ಟೀಮಿನಲ್ಲಿ ಆಣಂದ್ ಕಡೆಯ ಹುಡುಗನೊಬ್ಬನಿದ್ದಾನೆ, ಅವನ ಅರ್ಧ ಬಂಧುಬಳಗ ನ್ಯೂಜೆರ್ಸಿಯಲ್ಲಿದೆ. ಅಲ್ಲಿ ಹೋದವರ ಮಕ್ಕಳು ಮೊದಲೆರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಆಮೇಲೆ ವಿಶ್ವವಿದ್ಯಾಲಯಕ್ಕೆ ಹೋಗುವುದು ಸಾಮಾನ್ಯ, ಖರ್ಚು ಉಳಿಯುತ್ತದೆ. ಈ ಪದ್ಧತಿ ಹಳೆಯದು. ಇಲಿನಾಯ್‌ನ ಜೋಲಿಯೆಟ್‌ನಲ್ಲಿ 1901ರಲ್ಲೇ ಅಂಥ ಕಾಲೇಜು ಶುರುವಾಯಿತು. ನೂರಿಪ್ಪತ್ತು ವರ್ಷದಲ್ಲಿ ಅವರು ಕಲಿತದ್ದೇನೆಂದರೆ, ಯಾವ ಕಾಲೇಜಿನ ಯಾವ ಪೇಪರ್ ಯಾವ ವಿಶ್ವವಿದ್ಯಾಲಯದ ಯಾವ ಪೇಪರ್‌ಗೆ ಸಮ ಎಂದು ವಿದ್ಯಾರ್ಥಿ ಸೇರುವ ಮೊದಲೇ ಬರೆದಿಡಬೇಕು. ಕ್ಯಾಲಿಫೋರ್ನಿಯಾದಲ್ಲಿ 'ಅಸಿಸ್ಟ್' ಎಂಬ ಸಾರ್ವಜನಿಕ ವೆಬ್‌ಸೈಟೇ ಇದೆ, ಎರಡು ಸಂಸ್ಥೆಗಳ ಹೆಸರು ಒತ್ತಿದರೆ ಎಡಕ್ಕೊಂದು ಬಲಕ್ಕೊಂದು ಪಟ್ಟಿ ಬರುತ್ತದೆ. ನಾವು ಊಟದ ಮೇಜಿನ ಮೇಲೆ ಮಾಡಿದ ಕೆಲಸ ಅದು. ನ್ಯೂಜೆರ್ಸಿಯಲ್ಲಿ 2007ರ ಕಾನೂನು ಎರಡು ವರ್ಷದ ಎ.ಎ. ಅಥವಾ ಎ.ಎಸ್. ಪದವಿ ಮುಗಿಸಿದವರ ಕ್ರೆಡಿಟ್‌ಗಳನ್ನು ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ಒಪ್ಪುವಂತೆ ಮಾಡಿದೆ.

ಅಲ್ಲೂ ಗೋಳು ಇಲ್ಲದಿಲ್ಲ. ಅವನ ಅತ್ತೆಯ ಮಗಳು ಎಂಟು ವರ್ಷದ ಹಿಂದೆ ಕಮ್ಯುನಿಟಿ ಕಾಲೇಜಿನಲ್ಲಿ ಅನಾಟಮಿ-ಫಿಸಿಯಾಲಜಿ ಮಾಡಿದ್ದಳು. ಮದುವೆ, ಮಗು ಆಗಿ ಈಗ ನರ್ಸಿಂಗ್ ಡಿಗ್ರಿಗೆ ಅರ್ಜಿ ಹಾಕಿದರೆ, ವಿಜ್ಞಾನದ ಪೂರ್ವಭಾವಿ ಕೋರ್ಸ್ ಇಷ್ಟು ವರ್ಷಕ್ಕಿಂತ ಹಳೆಯದಾದರೆ ನಡೆಯುವುದಿಲ್ಲ ಅಂದರಂತೆ. ಆರೋಗ್ಯ ಕ್ಷೇತ್ರದ ಅನೇಕ ಕೋರ್ಸ್‌ಗಳಲ್ಲಿ ಇಂಥ ಗಡುವು ಇರುತ್ತದೆ, ಲ್ಯಾಬ್ ಸಹಿತ ಮಾಡಿದ್ದೇ ಬೇಕು ಎಂಬ ಷರತ್ತೂ ಇರುತ್ತದೆ. ಕ್ರೆಡಿಟ್ ಅವಳ ಹೆಸರಿನಲ್ಲಿ ಇದ್ದೇ ಇದೆ, ಇಂಗ್ಲಿಷ್ ಮನಶ್ಶಾಸ್ತ್ರಗಳೆಲ್ಲ ನಡೆದವು, ಅನಾಟಮಿ ಮಾತ್ರ ಮತ್ತೆ ಮಾಡಬೇಕಾಯಿತು. ಊರು ಬೇರೆಯಾದರೂ ಕಥೆ ನಮ್ಮ ಸೂರತ್ ಹುಡುಗಿಯದ್ದೇ.

ನಮ್ಮಲ್ಲೂ ಅಂಥ ಪಟ್ಟಿ ಇರಬೇಕು ಎಂಬುದು ನನ್ನ ತಕರಾರು. ಕ್ರೆಡಿಟ್ ಇಡುವ ಬ್ಯಾಂಕ್ ಕಟ್ಟಿದ್ದೇವೆ, ಒಂದು ಕಡೆಯ ನೋಟು ಇನ್ನೊಂದು ಕಡೆ ಎಷ್ಟಕ್ಕೆ ನಡೆಯುತ್ತದೆ ಎಂಬ ದರಪಟ್ಟಿ ಎಲ್ಲೂ ಅಂಟಿಸಿಲ್ಲ. ಕರ್ನಾಟಕದ ಬಿ.ಎಸ್‌ಸಿ. ಮೊದಲ ವರ್ಷದ ಕೆಮಿಸ್ಟ್ರಿ ಗುಜರಾತಿನಲ್ಲಿ ಯಾವುದಕ್ಕೆ ಸಮ ಎಂದು ಯಾರಾದರೂ ಒಂದು ಸಲ ಕೂತು ಬರೆದರೆ ಸಾಕು, ಪ್ರತಿ ಅಪ್ಪನೂ ಮೇಜಿನ ಮೇಲೆ ಗೆರೆ ಎಳೆಯಬೇಕಾಗಿಲ್ಲ. ವರ್ಗಾವಣೆಯ ಕೆಲಸದಲ್ಲಿರುವವರು ನಮ್ಮ ಓದುಗರಲ್ಲೇ ಎಷ್ಟು ಜನ ಇದ್ದೀರಿ, ಬ್ಯಾಂಕು, ತೈಲ ಕಂಪನಿ, ರೈಲ್ವೆ. ನಿಮ್ಮ ಮಕ್ಕಳಲ್ಲಿ ಯಾರಾದರೂ ಹೀಗೆ ನಡುವೆ ಬಂದು ಸೇರಿದ್ದರೆ, ಎಲ್ಲಿಂದ ಎಲ್ಲಿಗೆ, ಯಾವ ಪೇಪರ್ ಒಪ್ಪಿದರು, ಯಾವುದು ಬಿಟ್ಟರು ಎಂದು ಪತ್ರಿಕೆಗೆ ಬರೆದು ಕಳಿಸಿ. ಸರ್ಕಾರ ಮಾಡುವವರೆಗೆ ನಾವೇ ಒಂದು ಪಟ್ಟಿ ಮಾಡಿಕೊಳ್ಳೋಣ. ಎಕ್ಸೆಲ್ ಶೀಟ್ ನಾನು ನೋಡಿಕೊಳ್ಳುತ್ತೇನೆ.

ಹುಡುಗಿ 2024ರ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ವಾರಕ್ಕೆ ಎಂಟು ಗಂಟೆ ತನಗಿಂತ ಚಿಕ್ಕವರ ಜೊತೆ ಲ್ಯಾಬಿನಲ್ಲಿ ನಿಂತಳು. ಮೊದಲ ತಿಂಗಳು ಬೇಜಾರಾಗಿತ್ತಂತೆ. ಗುಜರಾತಿ ಕಲಿತದ್ದು ಅಲ್ಲೇ, ಉಪ್ಪುಗಳ ಹೆಸರಿನ ಜೊತೆಗೆ. ಕಳೆದ ಜೂನ್‌ನಲ್ಲಿ ಮೂರನೇ ಸೆಮಿಸ್ಟರಿಗೆ ಹೋದಳು, ಈಗ ನಾಲ್ಕನೆಯದು ನಡೆಯುತ್ತಿದೆ. ಸಂಕ್ರಾಂತಿಗೆ ಅವರ ಮನೆಗೆ ಹೋದಾಗ ಎಳ್ಳುಬೆಲ್ಲ ಕೊಟ್ಟು ಎರಡು ರೆಕಾರ್ಡ್ ಬುಕ್ ತಂದು ತೋರಿಸಿದಳು, ಗದಗದ್ದು ಒಂದು, ಇಲ್ಲಿಯದ್ದು ಒಂದು. ಎರಡಕ್ಕೂ ಒಂದೇ ಕಂದು ಕಾಗದದ ರಟ್ಟು ಹಾಕಿದ್ದಳು. ಗೆಳೆಯರು ಒಳಗಿನಿಂದ ಕೂಗಿ ಕೇಳಿದರು, "ಸರ, ಸಣ್ಣಾಕಿ ಈ ವರ್ಷ ಹತ್ತನೇ ಕ್ಲಾಸ್. ಡಿಪ್ಲೊಮಾ ಹಚ್ಚೂಣೋ, ಹನ್ನೊಂದೋ?"